ಅಡಿಕೆ, ಕೆಬಿ ಕೋಶಗಳು ಮತ್ತು ಹಿಂಪಡೆದ ಒಂದು ಪ್ರಬಂಧ: ಕ್ಯಾನ್ಸರ್ ವಿಷಶಾಸ್ತ್ರದ ಪ್ರಕರಣ ಅಧ್ಯಯನ

ಅಡಿಕೆಯಲ್ಲಿರುವ ರಾಸಾಯನಿಕಗಳು ಬಾಯಿಯ ಒಳಪೊರೆಯ ಜೀವಕೋಶಗಳನ್ನು ಹೇಗೆ ಕೆಡಿಸುತ್ತವೆ? ಈ ಒಂದೇ ಪ್ರಶ್ನೆಯ ಬೆನ್ನುಹತ್ತಿ ಪಿಎಚ್‌ಡಿ ಮುಗಿಸಿ, ಹೊರದೇಶದಲ್ಲಿ ಡಿಎನ್‌ಎ ಹಾನಿಯ ಬಗ್ಗೆ ಪೋಸ್ಟ್‌ಡಾಕ್ ಮಾಡಿ, ಕರ್ನಾಟಕಕ್ಕೆ ಮರಳಿ ಸ್ವಂತ ಪ್ರಯೋಗಾಲಯ ಕಟ್ಟಿದ ವಿಜ್ಞಾನಿಯೊಬ್ಬರ ವೃತ್ತಿಯ ನಡುಘಟ್ಟ ಇಲ್ಲಿದೆ. ಹೆಸರು, ಸಂಸ್ಥೆ, ಊರು, ಇಸವಿ ಎಲ್ಲವನ್ನೂ ಮರೆಮಾಡಿದೆ. ಯಾರ ಗುರುತೂ ಹತ್ತದಿರಲೆಂದು, ಇಂಥ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ವಿವರಗಳನ್ನು ಒಬ್ಬರದೇ ಕಥನವಾಗಿ ಹೆಣೆದಿದೆ. ವೈಜ್ಞಾನಿಕ ಸಂಗತಿಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಹಿನ್ನೆಲೆ

ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರ ತಂಡ 2003ರ ಜೂನ್‌ನಲ್ಲಿ ತೀರ್ಮಾನಿಸಿ, ಅದನ್ನು 1ನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಆ ವರದಿ 85ನೇ ಸಂಪುಟವಾಗಿ 2004ರಲ್ಲಿ ಪ್ರಕಟವಾಯಿತು. ತಂಬಾಕು ಬೆರೆಸದೆ ವೀಳ್ಯ ಜಗಿಯುವ ತೈವಾನಿನ ಜನರ ಮೇಲಿನ ಅಧ್ಯಯನಗಳು ಆ ತೀರ್ಮಾನಕ್ಕೆ ಬಲ ಕೊಟ್ಟವು. ಅಡಿಕೆಯ ಮುಖ್ಯ ಆಲ್ಕಲಾಯ್ಡ್ ಆದ ಅರೆಕೋಲಿನ್ ಬೇರೆಯಾಗಿ 2ಬಿ ಗುಂಪಿಗೆ (ಕ್ಯಾನ್ಸರ್ ತರುವ ಸಾಧ್ಯತೆ ಇರುವವು) ಸೇರಿದ್ದು 2020ರ ನವೆಂಬರ್ ಸಭೆಯಲ್ಲಿ. ಮನುಷ್ಯರಲ್ಲಿ ಪುರಾವೆ ಗಟ್ಟಿಯಾಗಿದ್ದರೂ ಕೋಶದೊಳಗೆ ಏನು ನಡೆಯುತ್ತದೆ ಎಂಬುದು ಪೂರ್ತಿ ಬಿಡಿಸಿಲ್ಲ. ನಮ್ಮ ವಿಜ್ಞಾನಿ ಕೈ ಹಾಕಿದ್ದು ಅಲ್ಲಿಗೆ.

ಪಿಎಚ್‌ಡಿಗೆ ಅವರು ಆರಿಸಿಕೊಂಡದ್ದು ಕೆಬಿ ಎಂಬ ಸೆಲ್ ಲೈನ್, ಅಂದರೆ ಪ್ರಯೋಗಾಲಯದಲ್ಲಿ ಕೊನೆಯಿಲ್ಲದೆ ಬೆಳೆಸಬಹುದಾದ ಕೋಶಗಳ ಸಂತತಿ. 1950ರ ದಶಕದಲ್ಲಿ ಬಾಯಿಯ ಕ್ಯಾನ್ಸರ್ ಗಡ್ಡೆಯಿಂದ ತೆಗೆದದ್ದೆಂದು ದಾಖಲಾದ ಲೈನ್ ಇದು. ಬೇಗ ಬೆಳೆಯುತ್ತದೆ, ಸಾಮಾನ್ಯ ಡಿಎಂಇಎಂ ಮಾಧ್ಯಮಕ್ಕೆ 10% ಸೀರಮ್ ಹಾಕಿದರೆ ಸಾಕು, ದುಬಾರಿ ಪೂರಕಗಳು ಬೇಡ. ಪಕ್ಕದ ಪ್ರಯೋಗಾಲಯದವರು ಒಂದು ಫ್ಲಾಸ್ಕ್ ಕೊಟ್ಟರು. ಫ್ಲಾಸ್ಕಿನ ಜೊತೆ ಯಾವ ಕಾಗದವೂ ಬರಲಿಲ್ಲ.

ಆ ಕೆಲಸದಿಂದ ಮೂರು ಪ್ರಬಂಧಗಳು ಬಂದವು. ಮೊದಲನೆಯದರಲ್ಲಿ ಮಲೆನಾಡಿನ ಕೆಂಪಡಿಕೆ ಮತ್ತು ಕರಾವಳಿಯ ಚಾಲಿ ಅಡಿಕೆಯ ಆಲ್ಕಲಾಯ್ಡ್‌ಗಳನ್ನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಅಳೆದು, ಎರಡರ ಸಾರವನ್ನೂ ಕೆಬಿ ಕೋಶಗಳ ಮೇಲೆ ಹೋಲಿಸಿದ್ದರು. ಹೆಚ್ಚು ಉಲ್ಲೇಖ ಪಡೆದ ಎರಡನೆಯದು, ಡಿಎನ್‌ಎ ಕೆಟ್ಟ ಕೋಶ ಗಡ್ಡೆಯಾಗದಂತೆ ಕಾಯುವ ಪಿ53 ಪ್ರೋಟೀನನ್ನು ಅರೆಕೋಲಿನ್ ಬಾಯಿಯ ಕೋಶಗಳಲ್ಲಿ ಅಡಗಿಸುತ್ತದೆ ಎಂದು ಸಾರಿತ್ತು. ಮೂರನೆಯದು ಬಾಯಿಯ ಫೈಬ್ರೋಬ್ಲಾಸ್ಟ್‌ಗಳಲ್ಲಿ (ನಾರಿನ ಅಂಗಾಂಶ ಕಟ್ಟುವ ಕೋಶಗಳು) ಕೊಲ್ಯಾಜನ್ ಎಂಬ ನಾರಿನ ಪ್ರೋಟೀನ್ ಹೆಚ್ಚುವುದನ್ನು ಕುರಿತದ್ದು. ಬಾಯಿ ತೆರೆಯಲಾಗದಂತೆ ಬಿಗಿಗೊಳಿಸುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಸಂಬಂಧಿಸಿದ್ದು. ಅದರ ಕೋಶಗಳನ್ನು ಅಂಗಾಂಶದಿಂದ ನೇರವಾಗಿ ಬೆಳೆಸಿದ್ದರು.

ಮೊದಲ ಸುಳಿವು, ಸುಳ್ಳು ಸಮಾಧಾನ

ಸ್ವಂತ ಪ್ರಯೋಗಾಲಯದಲ್ಲಿ ಹೊಸ ವಿದ್ಯಾರ್ಥಿಯೊಬ್ಬರು ಎರಡನೆಯ ಪ್ರಬಂಧದ ಕೆಲಸವನ್ನು ಮುಂದುವರಿಸುವಾಗ, ಹಳೆಯ ಕೆಲಸದಲ್ಲಿಲ್ಲದ ಒಂದು ನಿಯಂತ್ರಣವನ್ನು ಸೇರಿಸಿದರು: 10 ಮೈಕ್ರೋಮೋಲಾರ್ ನಟ್ಲಿನ್-3 ಎಂಬ ರಾಸಾಯನಿಕ, 24 ಗಂಟೆ. ಪಿ53ಯನ್ನು ಒಡೆಯುವ ಎಂಡಿಎಂ2 ಪ್ರೋಟೀನನ್ನು ನಟ್ಲಿನ್ ತಡೆಯುತ್ತದೆ. ಪಿ53 ಸರಿಯಾಗಿರುವ ಕೋಶದಲ್ಲಿ ಆಗ ಪಿ53 ಏರಬೇಕು, ಅದರ ಬೆನ್ನಿಗೇ, ಅದು ಚಾಲೂ ಮಾಡುವ ಪಿ21 ಪ್ರೋಟೀನೂ ಏರಬೇಕು. ಏನೂ ಏರಲಿಲ್ಲ.

ಅರೆಕೋಲಿನ್ ಹಾಕದ ಕೋಶಗಳಲ್ಲೇ ಪಿ53 ವ್ಯವಸ್ಥೆ ಸತ್ತಿದ್ದರೆ ‘ಅರೆಕೋಲಿನ್ ಪಿ53ಯನ್ನು ಅಡಗಿಸುತ್ತದೆ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಕೆಲಸವನ್ನು ಅಲ್ಲಿಯೇ ನಿಲ್ಲಿಸಬೇಕಿತ್ತು. ಬದಲಾಗಿ ತಂಡ ಜೀನಿನಲ್ಲಿ ರೂಪಾಂತರ ಇದೆಯೇ ನೋಡೋಣವೆಂದು, ಪಿ53ಯನ್ನು ತಯಾರಿಸುವ ಟಿಪಿ53 ಜೀನಿನ 5ರಿಂದ 8ನೇ ಎಕ್ಸಾನ್‌ಗಳ (ಪ್ರೋಟೀನಿನ ಸಂಕೇತವಿರುವ ತುಣುಕುಗಳು) ಅನುಕ್ರಮ ತೆಗೆಸಿತು. ಸಹಜವಾಗಿದೆ ಎಂದು ಫಲಿತಾಂಶ ಬಂತು. ನಟ್ಲಿನ್ ಹಳತಾಗಿರಬೇಕು, ಪ್ರತಿಕಾಯ ಸರಿಯಿಲ್ಲದಿರಬೇಕು ಎಂಬ ಅನುಮಾನಗಳ ಹಿಂದೆ ಹಲವು ತಿಂಗಳು ಹೋದವು.

ಈ ಎಡವಟ್ಟಿನ ಒಳಗುಟ್ಟು ತಿಳಿಯುವುದು ಮುಖ್ಯ. ಜೀನ್ ಸರಿಯಾಗಿದ್ದರೂ ಪ್ರೋಟೀನ್ ಇಲ್ಲದಿರಬಹುದು. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಇ6 ಪ್ರೋಟೀನ್, ಕೋಶದ್ದೇ ಆದ ಇ6ಎಪಿ ಕಿಣ್ವವನ್ನು ಎಳೆತಂದು ಪಿ53ಗೆ ‘ಇದನ್ನು ಒಡೆಯಿರಿ’ ಎಂಬ ಗುರುತಿನಂತಿರುವ ಯುಬಿಕ್ವಿಟಿನ್ ಅಂಟಿಸಿ ಒಡೆಸುತ್ತದೆ. ಇಲ್ಲಿ ಎಂಡಿಎಂ2ರ ಪಾತ್ರವಿಲ್ಲ. ಆದ್ದರಿಂದಲೇ ನಟ್ಲಿನ್‌ಗೆ ಹಿಡಿತ ಸಿಗುವುದಿಲ್ಲ. ಅನುಕ್ರಮ ಪರೀಕ್ಷೆ ಕೇಳಿದ್ದು ಜೀನಿನ ಬಗ್ಗೆ, ಸಂಶಯವಿದ್ದದ್ದು ಪ್ರೋಟೀನಿನ ಬಗ್ಗೆ.

ಎಸ್‌ಟಿಆರ್ ವರದಿ

ಮುಂದಿನ ಪ್ರಬಂಧದ ವಿಮರ್ಶಕರೊಬ್ಬರು ಸೆಲ್ ಲೈನಿನ ಎಸ್‌ಟಿಆರ್ ದಾಖಲೆ ಕೇಳಿದರು. ಡಿಎನ್‌ಎಯಲ್ಲಿ ಚಿಕ್ಕ ತುಣುಕುಗಳು ಎಷ್ಟು ಸಲ ಮರುಕಳಿಸಿವೆ ಎಂದು ಎಣಿಸಿ ಕೋಶದ ಮೂಲ ದಾನಿಯನ್ನು ಗುರುತಿಸುವ ವಿಧಾನವಿದು. ನ್ಯಾಯವೈದ್ಯಕೀಯದಲ್ಲಿ ಬಳಸುವ ತಂತ್ರವೇ. ಸೆಲ್ ಲೈನ್‌ಗಳಿಗಾಗಿ 2011ರಲ್ಲಿ ಬಂದ ಅಮೆರಿಕದ ಮಾನದಂಡವು ಕನಿಷ್ಠ ಎಂಟು ತಾಣಗಳನ್ನೂ ಲಿಂಗ ಸೂಚಿಸುವ ಅಮೆಲೊಜೆನಿನ್ ಅನ್ನೂ ನೋಡಬೇಕೆಂದಿತ್ತು. ಎರಡು ಮಾದರಿಗಳ ನಡುವೆ 80% ಅಥವಾ ಹೆಚ್ಚು ಹೊಂದಿಕೆ ಇದ್ದರೆ ಒಂದೇ ದಾನಿಯವೆಂದು ಗ್ರಹಿಸುತ್ತಾರೆ.

ವರದಿಯಲ್ಲಿ ಟಿಎಚ್01 ತಾಣದಲ್ಲಿ 7, ಟಿಪಿಒಎಕ್ಸ್‌ನಲ್ಲಿ 8 ಮತ್ತು 12, ಡಿ13ಎಸ್317ರಲ್ಲಿ 12 ಮತ್ತು 13.3 ಎಂದಿತ್ತು. ಆ 13.3 ಅಪರೂಪದ್ದು. ಸೆಲ್ ಲೈನ್‌ಗಳ ಜೊತೆ ಪಳಗಿದವರು ಅದನ್ನು ಕಂಡೊಡನೆ ಹೀಲಾ ಎನ್ನುತ್ತಾರೆ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಅವರ ಅನುಮತಿ ಕೇಳದೆ ತೆಗೆದ ಕೋಶಗಳು. ಆ ಗಡ್ಡೆಯಲ್ಲಿದ್ದದ್ದು ಪ್ಯಾಪಿಲೋಮಾ ವೈರಸ್ಸಿನ 18ನೇ ಬಗೆ. ಪಿ53 ಕಾಣೆಯಾದದ್ದಕ್ಕೆ ಕಾರಣ ಸಿಕ್ಕಿತು.

ಈಗ ಎರಡು ಸಾಧ್ಯತೆಗಳನ್ನು ಬೇರ್ಪಡಿಸಬೇಕಿತ್ತು. ತಮ್ಮ ಪ್ರಯೋಗಾಲಯದಲ್ಲೇ ಹೀಲಾ ಬೆರೆತು ಮೂಲ ಕೋಶಗಳನ್ನು ಹಿಂದಿಕ್ಕಿ ಬೆಳೆಯಿತೇ, ಇಲ್ಲ ಬಂದದ್ದೇ ಹೀಲಾವೇ? ಮೊದಲನೆಯದಾದರೆ ಹಳೆಯ ದತ್ತಾಂಶದ ಒಂದು ಭಾಗವಾದರೂ ಉಳಿಯಬಹುದು. ಅವರು ದ್ರವ ಸಾರಜನಕದಲ್ಲಿದ್ದ ಅತಿ ಹಳೆಯ ವಯಲ್‌ನಿಂದ ಹಿಡಿದು ಬೇರೆ ಬೇರೆ ಹಂತದ ವಯಲ್‌ಗಳ ಡಿಎನ್‌ಎ ಕಳಿಸಿದರು. ಎಲ್ಲದರಲ್ಲೂ ಅದೇ 13.3. ಅಸಲಿಗೆ ಕೆಬಿ ಎಂಬ ಹೆಸರಿನ ಲೈನ್ ತನ್ನ ಆರಂಭದ ಕಾಲದಲ್ಲೇ ಹೀಲಾದಿಂದ ಆಕ್ರಮಿತವಾಗಿತ್ತು. 1960ರ ದಶಕದಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಕಿಣ್ವದ ಬಗೆಗಳನ್ನು ನೋಡಿ ಹಲವು ಲೈನ್‌ಗಳು ಹೀಲಾ ಎಂದು ಎಚ್ಚರಿಸಿದ್ದರು. ತಪ್ಪಾಗಿ ಗುರುತಿಸಲಾದ ಲೈನ್‌ಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೆಬಿ ಇದೆ. ಎಂದರೆ ಬೇರೆ ಕಡೆಯಿಂದ ಹೊಸ ಕೆಬಿ ವಯಲ್ ತರಿಸಿದರೂ ಪ್ರಯೋಜನವಿಲ್ಲ, ಬರುವುದು ಹೀಲಾವೇ. ಗಂಟಲಿನದೆಂದು ಕೊಡುವ ಹೆಪ್-2, ಕರುಳಿನದೆಂಬ ಐಎನ್‌ಟಿ-407, ಶ್ವಾಸಕೋಶದ್ದೆಂಬ ಎಲ್-132, ‘ಸಾಮಾನ್ಯ ಯಕೃತ್ತಿನ’ ಕೋಶವೆಂದು ಔಷಧ ವಿಷಶಾಸ್ತ್ರದಲ್ಲಿ ಬಳಸುವ ಚಾಂಗ್ ಲಿವರ್, ಇವೆಲ್ಲದರ ಪಾಡೂ ಇದೇ. ಇವುಗಳ ಮೇಲೆ ಇಂದಿಗೂ ಪ್ರೌಢಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳಿರುವುದು ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಪಟ್ಟಿ ನೋಡಲು ಕಾಸೂ ಬೇಡ, ಉಪಕರಣವೂ ಬೇಡ.

ಈ ಘಟ್ಟದಲ್ಲಿ ಒಂದು ಆಮಿಷವೂ ಎದುರಾಯಿತು. ಬಾಯಿ-ಗಂಟಲಿನ ಕೆಲವು ಕ್ಯಾನ್ಸರ್‌ಗಳಿಗೂ ಪ್ಯಾಪಿಲೋಮಾ ವೈರಸ್ಸಿಗೂ ನಂಟಿದೆ. ‘ನಮ್ಮ ಬಾಯಿಯ ಕೋಶಗಳಲ್ಲಿ 18ನೇ ಬಗೆ ಸಿಕ್ಕಿತು’ ಎಂದು ಬರೆದರೆ ಹೊಸ ಪ್ರಬಂಧವೇ ಆಗುತ್ತಿತ್ತು. ಎಸ್‌ಟಿಆರ್ ವರದಿ ಕೈಯಲ್ಲಿದ್ದುದರಿಂದ ಆ ದಾರಿ ಮುಚ್ಚಿತು. ಅದಿಲ್ಲದೆ ಬರೀ ವೈರಸ್ಸಿನ ಪಿಸಿಆರ್ (ಅದರ ಡಿಎನ್‌ಎ ಪತ್ತೆ ಮಾಡುವ ಪರೀಕ್ಷೆ) ಮಾಡಿದ್ದರೆ ಒಂದು ತಪ್ಪಿನ ಮೇಲೆ ಇನ್ನೊಂದು ಕೂರುತ್ತಿತ್ತು.

ಪ್ರಬಂಧಗಳನ್ನು ಏನು ಮಾಡುವುದು

ಪ್ರಕರಣದ ಅತಿ ಕಠಿಣ ನಿರ್ಧಾರ ಇದು. ಅವರು ಅನುಸರಿಸಿದ ಕ್ರಮವನ್ನು ಯಾರಾದರೂ ಅನುಕರಿಸಬಹುದು. ಮೂರೂ ಪ್ರಬಂಧಗಳ ಪ್ರತಿಯೊಂದು ಚಿತ್ರವನ್ನು ಎದುರಿಟ್ಟುಕೊಂಡು, ಅದರಿಂದ ಎಳೆದ ತೀರ್ಮಾನದ ವಾಕ್ಯದಲ್ಲಿ ‘ಬಾಯಿಯ ಕೋಶ’ ಇರುವಲ್ಲಿ ‘ಹೀಲಾ’ ಎಂದು ಬರೆದು ಓದಿದರು. ವಾಕ್ಯ ನಿಂತರೆ ತಿದ್ದುಪಡಿ ಸಾಕು. ಬಿದ್ದರೆ, ಬಿದ್ದದ್ದು ಪ್ರಬಂಧದ ತಿರುಳೋ ಅಂಚೋ ಎಂದು ನೋಡುವುದು.

ಮೊದಲ ಪ್ರಬಂಧದ ಎಚ್‌ಪಿಎಲ್‌ಸಿ ಅಳತೆಗಳಿಗೆ ಕೋಶದ ಹಂಗಿಲ್ಲ. ಅದಕ್ಕೆ ತಿದ್ದುಪಡಿ. ಮೂರನೆಯದು ಅಂಗಾಂಶದಿಂದ ಬೆಳೆಸಿದ ಫೈಬ್ರೋಬ್ಲಾಸ್ಟ್‌ಗಳದ್ದು, ಅಬಾಧಿತ. ಎರಡನೆಯದರಲ್ಲಿ ಶೀರ್ಷಿಕೆಯೇ ಬಿತ್ತು. ಹಳೆಯ ಮಾರ್ಗದರ್ಶಕರು ಅದಕ್ಕೂ ತಿದ್ದುಪಡಿ ಸಾಕೆಂದು ವಾದಿಸಿದರು: ಪ್ರಯೋಗಗಳು ಪ್ರಾಮಾಣಿಕವಾಗಿ ನಡೆದಿವೆ, ಜೆಲ್ ಪಟ್ಟಿಗಳು ನಿಜವಾದವು. ವಿಜ್ಞಾನಿಯ ಉತ್ತರ ನೇರವಾಗಿತ್ತು. ಪ್ರಬಂಧವನ್ನು ಉಲ್ಲೇಖಿಸುವವರು ಓದುವುದು ಸಾರಾಂಶ, ಆ ಸಾರಾಂಶದಲ್ಲಿ ಸರಿಯಾದ ಒಂದು ವಾಕ್ಯವೂ ಉಳಿದಿಲ್ಲ. ಪ್ರಕಟಣಾ ನೀತಿ ಸಮಿತಿ ಕೋಪ್‌ನ ಮಾರ್ಗಸೂಚಿಯ ಪ್ರಕಾರವೂ ಹಿಂಪಡೆತದ ಸೂಚನೆಯಲ್ಲಿ ಯಾರು, ಏಕೆ ಹಿಂಪಡೆಯುತ್ತಿದ್ದಾರೆ ಎಂದು ಹೇಳಬೇಕು. ಪ್ರಾಮಾಣಿಕ ದೋಷವನ್ನು ಅಕ್ರಮದಿಂದ ಬೇರೆಯಾಗಿ ತೋರಿಸಬಹುದು. ಎಸ್‌ಟಿಆರ್ ವರದಿಯನ್ನು ಲಗತ್ತಿಸಿ ಎಲ್ಲ ಸಹಲೇಖಕರ ಸಹಿಯೊಂದಿಗೆ ಅವರೇ ಪತ್ರಿಕೆಗೆ ಬರೆದರು. ಬೇರೆಯವರು ಬೆರಳು ತೋರಿಸುವ ಮೊದಲೇ ಬರೆದದ್ದು ಮುಂದಿನ ಅನುದಾನದ ಸಂದರ್ಶನದಲ್ಲಿ ಅವರ ಕೈಹಿಡಿಯಿತು.

ಊರ ಕಡೆ ಆ ಸುದ್ದಿ ಬೇರೆಯೇ ರೂಪ ತಾಳಿತು. ಅಡಿಕೆಯ ಮೇಲಿನ ಆರೋಪ ಸುಳ್ಳೆಂದು ಸಾಬೀತಾಯಿತಂತೆ ಎಂಬ ಮಾತು ಹರಡಿತು. ಮಲೆನಾಡು, ಕರಾವಳಿಯ ಲಕ್ಷಾಂತರ ಮನೆಗಳ ಅನ್ನ ಅಡಿಕೆಯಲ್ಲಿದೆ. ಅಂಥಲ್ಲಿ ಈ ಮಾತಿಗೆ ಕಿವಿ ಬೇಗ ಸಿಗುತ್ತದೆ. ಸುಮ್ಮನಿರುವ ಆಯ್ಕೆಯನ್ನು ಅವರು ಬಿಟ್ಟರು. ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆದು, ಕೇಳಿದವರಿಗೆಲ್ಲ ಅದನ್ನೇ ಕೊಟ್ಟರು. ಹಿಂಪಡೆದದ್ದು ಕೋಶದೊಳಗಿನ ಒಂದು ವಿವರಣೆಯನ್ನು ಮಾತ್ರ. 1ನೇ ಗುಂಪಿನ ತೀರ್ಮಾನ ನಿಂತಿರುವುದು ಜಗಿಯುವ ಮನುಷ್ಯರ ಮೇಲಿನ ಅಧ್ಯಯನಗಳ ಆಧಾರದಲ್ಲಿ, ಈ ಪ್ರಬಂಧದ ಮೇಲಲ್ಲ. ಜೊತೆಗೆ, ಆ ಗುಂಪು ಸೂಚಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯದ ಪ್ರಮಾಣ ಎಷ್ಟು ಎಂಬುದನ್ನಲ್ಲ. ಎಷ್ಟು ಜಗಿಯುತ್ತಾರೆ, ಎಷ್ಟು ವರ್ಷ, ತಂಬಾಕು ಸೇರಿದೆಯೇ ಎಂಬುದರ ಮೇಲೆ ಪ್ರಮಾಣ ಬದಲಾಗುತ್ತದೆ. ಈ ಎರಡನೆಯ ಮಾತನ್ನು ಸೇರಿಸಿದ್ದರಿಂದಲೇ ಬೆಳೆಗಾರರು ಟಿಪ್ಪಣಿಯನ್ನು ಕೊನೆಯವರೆಗೂ ಓದಿದರು ಎನ್ನಬೇಕು.

ಮೊದಲ ಪ್ರಬಂಧದಲ್ಲೂ ಅಡಗಿದ್ದ ದೋಷ

ತಿದ್ದುಪಡಿ ಬರೆಯುವಾಗ, ಎಷ್ಟು ಕೋಶಗಳು ಬದುಕಿವೆ ಎಂದು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯ ಹಳೆಯ ದತ್ತಾಂಶವನ್ನು ಮತ್ತೆ ನೋಡಿದರು. ಕೆಂಪಡಿಕೆಯ ಸಾರ ಚಾಲಿಯದಕ್ಕಿಂತ ಸೌಮ್ಯ ಎಂದು ಅದು ಹೇಳಿತ್ತು. ಬದುಕಿರುವ ಕೋಶಗಳು ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಆಗಿ ಇಳಿಸುತ್ತವೆ; ಡಿಎಂಎಸ್ಒದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಬಣ್ಣ ಹೆಚ್ಚಿದಷ್ಟೂ ಬದುಕಿದವು ಹೆಚ್ಚು ಎಂಬ ಲೆಕ್ಕ. ಆದರೆ ಅಡಿಕೆಯ ಟ್ಯಾನಿನ್‌ನಂಥ ಪಾಲಿಫೀನಾಲ್‌ಗಳು ಕೋಶವೇ ಇಲ್ಲದೆ ಎಂಟಿಟಿಯನ್ನು ಇಳಿಸಬಲ್ಲವು. ಕೆಂಪಡಿಕೆ ಮಾಡುವುದು ಎಳೆಯ ಕಾಯಿಯನ್ನು ಸುಲಿದು ಬೇಯಿಸಿ, ಬೇಯಿಸಿದ ನೀರಿನ ಚೊಗರನ್ನು ಬಣ್ಣಕ್ಕಾಗಿ ಮತ್ತೆ ಲೇಪಿಸಿ ಒಣಗಿಸಿ. ಎಳೆಗಾಯಿಯಲ್ಲಿ ಟ್ಯಾನಿನ್ ಹೆಚ್ಚು, ಚೊಗರಿನಲ್ಲಿ ಇನ್ನೂ ಹೆಚ್ಚು. ಚಾಲಿಯಾದರೋ ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿದ್ದು. ಕೋಶವಿಲ್ಲದ ಬಾವಿಗಳಿಗೆ (ಪ್ರಯೋಗದ ಪ್ಲೇಟಿನಲ್ಲಿರುವ ಪುಟ್ಟ ಗುಳಿಗಳು) ಸಾರ ಮತ್ತು ಎಂಟಿಟಿ ಹಾಕಿ ನೋಡಿದಾಗ ಕೆಂಪಡಿಕೆಯ ಬಾವಿಗಳು ನೇರಳೆಗಟ್ಟಿದವು. ಸಾವು ಬಣ್ಣದ ಹಿಂದೆ ಮರೆಯಾಗಿತ್ತು.

ಪರಿಹಾರ ಸರಳ. ಸಾರವನ್ನು ತೆಗೆದು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಿಂದ ಎರಡು ಸಲ ತೊಳೆದ ಮೇಲೆ ಎಂಟಿಟಿ ಹಾಕುವುದು, ಕೋಶವಿಲ್ಲದ ನಿಯಂತ್ರಣವನ್ನು ಪ್ರತಿ ಪ್ಲೇಟಿನಲ್ಲಿ ಇಡುವುದು, ಫಲಿತಾಂಶವನ್ನು ಕ್ರಿಸ್ಟಲ್ ವಯಲೆಟ್ ಅಥವಾ ಕಾಲೊನಿ ಎಣಿಕೆಯಿಂದ ತಾಳೆ ನೋಡುವುದು. ಇನ್ನೊಂದು ಬಲೆಯೂ ಇತ್ತು: ಡಿಎಂಇಎಂನಲ್ಲಿ ಪಾಲಿಫೀನಾಲ್‌ಗಳು ತಾವಾಗಿಯೇ ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುತ್ತವೆ, ಕೋಶ ಸಾಯುವುದು ಅದರಿಂದ. ಮಾಧ್ಯಮಕ್ಕೆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿದ ಸಮಾನಾಂತರ ಬಾವಿಗಳಲ್ಲಿ ಸಾವು ಇಳಿದರೆ, ಆ ಪಾಲು ಬಾಟಲಿಯ ರಸಾಯನಶಾಸ್ತ್ರದ್ದು. ಡೋಸಿನ ಲೆಕ್ಕದಲ್ಲೂ ಒಂದು ಸಾಮಾನ್ಯ ತಪ್ಪಿದೆ. ಮಾರುಕಟ್ಟೆಯಲ್ಲಿ ಸಿಗುವುದು ಅರೆಕೋಲಿನ್ ಹೈಡ್ರೋಬ್ರೋಮೈಡ್, ಅಣುತೂಕ ಸುಮಾರು 236. ಶುದ್ಧ ಅರೆಕೋಲಿನ್‌ನದು 155. ಲವಣವನ್ನು ತೂಗಿ 155ರಿಂದ ಭಾಗಿಸಿದರೆ, ನಿಜವಾಗಿ ಹಾಕಿದ್ದು ಬರೆದುಕೊಂಡದ್ದರ ಮೂರನೇ ಎರಡರಷ್ಟು ಮಾತ್ರ.

ಮರುನಿರ್ಮಾಣ

ಬದಲಿ ಕೋಶವಾಗಿ ಮೊದಲು ಆರಿಸಿದ್ದು ಹಕ್ಯಾಟ್. ಮನುಷ್ಯರ ಚರ್ಮದ ಕೆರಟಿನೊಸೈಟ್ (ಮೇಲ್ಪದರದ ಕೋಶ), ಗಡ್ಡೆಯದಲ್ಲ, ಎಸ್‌ಟಿಆರ್‌ನಲ್ಲೂ ಸರಿಯಾಗಿತ್ತು. ನಟ್ಲಿನ್ ಪರೀಕ್ಷೆಯಲ್ಲಿ ಅದೂ ಸೋತಿತು. ಹಕ್ಯಾಟ್‌ನಲ್ಲಿ ಟಿಪಿ53 ಜೀನಿನ ಎರಡೂ ಪ್ರತಿಗಳು ರೂಪಾಂತರಗೊಂಡಿವೆ. ಪಿ53 ಪ್ರಶ್ನೆಗೆ ಅದು ನಿರುಪಯುಕ್ತ. ಕೋಶದ ಗುರುತು ಸರಿಯಿದ್ದರೆ ಸಾಲದು, ಕೇಳುವ ಪ್ರಶ್ನೆಗೆ ಉತ್ತರಿಸುವ ಯಂತ್ರ ಅದರೊಳಗೆ ಓಡುತ್ತಿದೆಯೇ ಎಂಬುದನ್ನು ಬೇರೆಯಾಗಿ ತೋರಿಸಬೇಕು. ಈ ಸಲ ತಿಂಗಳುಗಳು ಹೋಗಲಿಲ್ಲ, ಏಕೆಂದರೆ ನಟ್ಲಿನ್ ಪರೀಕ್ಷೆಯನ್ನು ಮೊದಲ ವಾರಕ್ಕೇ ಇಟ್ಟಿದ್ದರು.

ಕೆಲಸವನ್ನು ಎರಡಾಗಿ ಒಡೆದರು. ಡಿಎನ್‌ಎ ಹಾನಿಯ ಪರೀಕ್ಷೆಗೆ ಟಿಕೆ6 ಎಂಬ ಲಿಂಫೋಬ್ಲಾಸ್ಟ್ (ಬಿಳಿ ರಕ್ತಕಣದ ಬಗೆಯ ಕೋಶ) ಲೈನ್, ಪಿ53 ಸಹಜವಾಗಿರುವಂಥದ್ದು. ರಾಸಾಯನಿಕ ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ಒಇಸಿಡಿ ಸಂಸ್ಥೆಯ 487ನೇ ಮಾರ್ಗಸೂಚಿಯಂತೆ ಮೈಕ್ರೋನ್ಯೂಕ್ಲಿಯಸ್ (ಡಿಎನ್‌ಎ ಹಾನಿಯಾದಾಗ ಮುಖ್ಯ ಕೇಂದ್ರದಿಂದ ಹೊರಗುಳಿಯುವ ಪುಟ್ಟ ಕೇಂದ್ರ) ಪರೀಕ್ಷೆ: ಸೈಟೊಕಲಾಸಿನ್-ಬಿ ಹಾಕಿ ಕೋಶವಿಭಜನೆಯ ಕೊನೆಯ ಹಂತ ತಡೆದು, ಪ್ರತಿ ಸಾಂದ್ರತೆಗೆ 2000 ಜೋಡಿಕೇಂದ್ರದ ಕೋಶಗಳನ್ನು ಎಣಿಸುವುದು, ಕೋಶನಾಶ 55% ಆಸುಪಾಸು ಮೀರದಂತೆ ಗರಿಷ್ಠ ಡೋಸ್ ಇಡುವುದು. ಮೀರಿದರೆ ಸಾಯುತ್ತಿರುವ ಕೋಶಗಳ ಒಡೆದ ಚೂರುಗಳನ್ನೇ ಮೈಕ್ರೋನ್ಯೂಕ್ಲಿಯಸ್ ಎಂದು ಎಣಿಸಿಬಿಡುತ್ತೇವೆ. ಪಿ53 ಕೆಟ್ಟ ಲೈನ್‌ಗಳು ಇಲ್ಲಿ ದಾರಿತಪ್ಪಿಸುವ ಧನಾತ್ಮಕ ಫಲಿತಾಂಶ ಕೊಡುವುದು ಹೆಚ್ಚು ಎಂಬುದು ತಿಳಿದ ವಿಷಯ.

ಬಾಯಿಯ ಪ್ರಶ್ನೆಗೆ ಬಾಯಿಯ ಕೋಶವೇ ಬೇಕಿತ್ತು. ನೈತಿಕ ಸಮಿತಿಯ ಒಪ್ಪಿಗೆ ಮತ್ತು ದಾನಿಗಳ ಲಿಖಿತ ಸಮ್ಮತಿಯೊಂದಿಗೆ, ಬುದ್ಧಿಹಲ್ಲು ಕೀಳುವಾಗ ಬಿಸಾಡುವ ವಸಡಿನ ಚೂರುಗಳನ್ನು ಅಡಿಕೆ ಜಗಿಯದವರಿಂದ ಪಡೆದರು. ಚೂರನ್ನು ಡಿಸ್ಪೇಸ್ ಕಿಣ್ವದಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ನೆನೆಸಿ, ಮೇಲ್ಪದರವನ್ನು ಚಿಮುಟದಿಂದ ಸುಲಿದು, ಟ್ರಿಪ್ಸಿನ್‌ನಿಂದ ಬಿಡಿಸುವುದು. ಮೊದಲ ಕೆಲವು ಬ್ಯಾಚುಗಳು ಹಾಳಾದವು: ಕೋಶಗಳು ಚಪ್ಪಟೆಯಾಗಿ ಹರಡಿ ವಿಭಜನೆ ನಿಲ್ಲಿಸುತ್ತಿದ್ದವು. ಕಾರಣ ಕ್ಯಾಲ್ಸಿಯಂ. ಡಿಎಂಇಎಂನಲ್ಲಿ ಅದು 1.8 ಮಿಲಿಮೋಲಾರ್, ಅಷ್ಟಿದ್ದರೆ ಕೆರಟಿನೊಸೈಟ್‌ಗಳು ಮಾಗುವ ಹಾದಿ ಹಿಡಿಯುತ್ತವೆ. ಸೀರಮ್ ಇಲ್ಲದ, 0.1 ಮಿಲಿಮೋಲಾರ್‌ಗಿಂತ ಕಡಿಮೆ ಕ್ಯಾಲ್ಸಿಯಂನ ಮಾಧ್ಯಮಕ್ಕೆ ಬದಲಿಸಿದರು. ಟ್ರಿಪ್ಸಿನ್ ತಡೆಯಲು ಹಾಕುವ ಸೀರಮ್‌ನಲ್ಲೂ ಕ್ಯಾಲ್ಸಿಯಂ ಇರುತ್ತದೆ ಎಂಬುದು ಹೊಳೆದ ಮೇಲೆ ಅದರ ಜಾಗಕ್ಕೆ ಸೋಯಾ ಟ್ರಿಪ್ಸಿನ್ ತಡೆಕಾರಕ ಬಂತು. ಆಮೇಲೆ ಕೋಶಗಳು ನಿಂತವು, ಅದೂ ಮೂರು-ನಾಲ್ಕು ಪ್ಯಾಸೇಜ್‌ಗಳವರೆಗೆ (ಹೊಸ ಪಾತ್ರೆಗೆ ಹಂಚಿ ಬೆಳೆಸುವ ಸುತ್ತುಗಳು) ಮಾತ್ರ.

ಈ ಮಿತಿಯೇ ಲೆಕ್ಕದ ಶಿಸ್ತನ್ನೂ ತಂದಿತು. ಸೆಲ್ ಲೈನಿನಲ್ಲಿ ಒಂದೇ ಫ್ಲಾಸ್ಕಿನಿಂದ ಮೂರು ಬಾವಿ ತುಂಬಿ ಮೂರು ಪ್ರಯೋಗ ಎನ್ನುವ ಅಭ್ಯಾಸವಿತ್ತು. ಈಗ ಒಬ್ಬ ದಾನಿ ಎಂದರೆ ಒಂದು ಮಾದರಿ. ಬಾವಿಗಳ ಸರಾಸರಿ ಆ ದಾನಿಯ ಒಂದೇ ಸಂಖ್ಯೆ. ಹಾಗೆ ಎಣಿಸಿದಾಗ ದಾನಿಯಿಂದ ದಾನಿಗೆ ಅರೆಕೋಲಿನ್‌ನ ಪರಿಣಾಮ ಗಣನೀಯವಾಗಿ ಬೇರೆಯಾಯಿತು, ಪಿ53 ಏಕರೂಪವಾಗಿ ಅಡಗುತ್ತದೆ ಎಂಬ ಹಳೆಯ ತೀರ್ಮಾನಕ್ಕೆ ಬೆಂಬಲ ಸಿಗಲಿಲ್ಲ. ಪಿಎಚ್‌ಡಿಯ ನಡುವಿನಲ್ಲಿದ್ದ ವಿದ್ಯಾರ್ಥಿಯನ್ನು ಈ ಅನಿಶ್ಚಿತ ಕೆಲಸಕ್ಕೆ ಕಟ್ಟಿಹಾಕದೆ, ಗಟ್ಟಿಯಾಗಿ ಉಳಿದಿದ್ದ ಫೈಬ್ರೋಬ್ಲಾಸ್ಟ್ ಯೋಜನೆಗೆ ಸರಿಸಿದರು. ಪ್ರೌಢಪ್ರಬಂಧ ತಡವಾದರೂ ಮುಗಿಯಿತು. ನಟ್ಲಿನ್ ನಿಯಂತ್ರಣವನ್ನು ಸೇರಿಸಿದ್ದು ಅವರೇ ಎಂಬುದನ್ನು ಹಿಂಪಡೆತದ ಸೂಚನೆಯಲ್ಲಿ ದಾಖಲಿಸಿದ್ದು ನ್ಯಾಯವಾದ ಕೆಲಸ.

ಈಗ ಅಲ್ಲಿ ಯಾವುದೇ ಲೈನ್ ಬಂದರೂ ಮೊದಲು ಬೇರೆ ಇನ್‌ಕ್ಯುಬೇಟರಿಗೆ. ತಪ್ಪಾಗಿ ಗುರುತಿಸಿದವುಗಳ ಪಟ್ಟಿ ನೋಡಿ, ಕೋಶಗಳಿಗೆ ಗುಟ್ಟಾಗಿ ಸೋಂಕುವ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ ಮಾಡಿ, ಎಸ್‌ಟಿಆರ್ ಬಂದ ಮೇಲಷ್ಟೇ ಮಾತೃ ಸಂಗ್ರಹವನ್ನು ಶೈತ್ಯೀಕರಿಸುತ್ತಾರೆ. ಎಸ್‌ಟಿಆರ್‌ಗೂ ಮಿತಿಗಳಿವೆ: ಕೆಲವೇ ಶೇಕಡದಷ್ಟು ಬೆರಕೆ ಇದ್ದರೆ ಅದು ಕಾಣದೇ ಹೋಗಬಹುದು, ಇಲಿ-ಹೆಗ್ಗಣದ ಕೋಶ ಬೆರೆತರೆ ಪತ್ತೆಗೆ ಬೇರೆ ಪಿಸಿಆರ್ ಬೇಕು. ಆದ್ದರಿಂದ ಪ್ರಬಂಧ ಕಳಿಸುವ ಮುನ್ನ, ಪ್ರಯೋಗ ಮಾಡಿದ ಅದೇ ಪ್ಯಾಸೇಜಿನ ಕೋಶಗಳನ್ನು ಮತ್ತೊಮ್ಮೆ ಕಳಿಸುತ್ತಾರೆ. ಇದರ ಖರ್ಚು ಅನುದಾನದ ಅರ್ಜಿಯಲ್ಲಿ ಮೊದಲ ವರ್ಷದ ಬಳಕೆ ಸಾಮಗ್ರಿಯ ಸಾಲಿನಲ್ಲೇ ಇರುತ್ತದೆ.

ಸದ್ಯ ತಂಡದ ಮುಂದಿರುವ ತೊಡಕು ಸುಣ್ಣದ್ದು. ಜನ ಜಗಿಯುವುದು ಬರೀ ಅಡಿಕೆಯನ್ನಲ್ಲ, ಸುಣ್ಣ ಸೇರಿದ ತಾಂಬೂಲವನ್ನು. ಸುಣ್ಣದ ಕ್ಷಾರದಲ್ಲಿ ಅರೆಕೋಲಿನ್ ಒಡೆದು ಅರೆಕೈಡಿನ್ ಆಗುತ್ತದೆ, ಗುವಕೋಲಿನ್ ಗುವಸಿನ್ ಆಗುತ್ತದೆ, ಪಾಲಿಫೀನಾಲ್‌ಗಳು ಉತ್ಕರ್ಷಿಸುತ್ತವೆ. ಸಾರವನ್ನು ಕೋಶಕ್ಕೆ ಹಾಕುವ ಮುನ್ನ ಪಿಎಚ್ 7.4ಕ್ಕೆ ತರಲೇಬೇಕು, ತರುವಷ್ಟರಲ್ಲಿ ಅದರ ರಸಾಯನ ಬದಲಾಗಿರುತ್ತದೆ. ಸುಣ್ಣ ಬೆರೆಸಿದ ಕ್ಷಣದಿಂದ ನಿಗದಿತ ನಿಮಿಷಗಳಿಗೊಮ್ಮೆ ಮಾದರಿ ತೆಗೆದು, ಆಮ್ಲದಿಂದ ತಡೆದು, ಎಚ್‌ಪಿಎಲ್‌ಸಿಯಲ್ಲಿ ನಾಲ್ಕೂ ಆಲ್ಕಲಾಯ್ಡ್‌ಗಳನ್ನು ಅಳೆದ ಮೇಲೆಯೇ ಆ ಬ್ಯಾಚನ್ನು ವಸಡಿನ ಕೋಶಗಳಿಗೆ ಹಾಕುವ ಕ್ರಮವನ್ನು ಅವರು ಈಗ ರೂಢಿಸುತ್ತಿದ್ದಾರೆ.